ತೆಕ್ಲೆಯ ಪೆಟ್ಟಿಗೆಗೆ ಬಣ್ಣ ಬಳಿದವರು

ಅಕ್ಟೋಬರ್ ಒಂಬತ್ತರ ಬೆಳಿಗ್ಗೆ, ನನ್ನ ಮಗಳನ್ನು ಮಲಗಿಸಿ ತಳ್ಳುವ ಗಾಡಿ ಮಳೆಯಲ್ಲಿ ನಿಂತಿತ್ತು. ತಾನಾಗಿ ಹೋಗಿ ನಿಂತಿರಲಿಲ್ಲ. ಹಿಂದಿನ ಸಂಜೆ ನಾನೇ ಅದನ್ನು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ಯಾರ ಕಾಲಿಗೂ ತಾಗದಂತೆ, ಗೋಡೆಗೆ ಒತ್ತಿ ಇಟ್ಟು ಹೋಗಿದ್ದೆ. ಈಗ ಅದು ಬಾಗಿಲ ಹೊರಗೆ, ಸೂರಿನ ನೀರು ನೇರವಾಗಿ ಸುರಿಯುವ ಜಾಗದಲ್ಲಿತ್ತು. ಒಳಗಿನ ಪುಟ್ಟ ಹಾಸಿಗೆಯನ್ನು ಒತ್ತಿದರೆ ಬೆರಳ ಸಂದಿಯಿಂದ ನೀರು ಹರಿಯಿತು. ಹಿಡಿಕೆಗೆ ಒಂದು ಕಾಗದ ಕಟ್ಟಿದ್ದರು. ಕಾಗದಕ್ಕೆ ಮಾತ್ರ ಪ್ಲಾಸ್ಟಿಕ್ ಹೊದಿಕೆ. "ಮೆಟ್ಟಿಲ ಬಳಿ ಸಾಮಾನು ಇಡುವುದನ್ನು ನಿಷೇಧಿಸಲಾಗಿದೆ. ಅಧ್ಯಕ್ಷರು." ಮಗುವಿನ ಹಾಸಿಗೆ ನೆನೆಯಬಹುದು, ಅಧ್ಯಕ್ಷರ ಕಾಗದ ನೆನೆಯಬಾರದು.

ನಮ್ಮದು ಲಿಫ್ಟಿಲ್ಲದ, ಇಪ್ಪತ್ತು ಮನೆಗಳ ಐದು ಮಹಡಿ ಕಟ್ಟಡ. ನೆಮುನಸ್ ನದಿಯ ಪಕ್ಕದ ಈ ಊರಿನಲ್ಲಿ ಅಂಥವು ಸಾಲಾಗಿ ನಿಂತಿವೆ. ನಾನಿರುವುದು ನಾಲ್ಕನೆಯ ಮಹಡಿಯಲ್ಲಿ. ಗಂಡ ದೋಮಸ್ ಲಾರಿ ಓಡಿಸುತ್ತಾನೆ. ಮೂರು ವಾರ ಸ್ಪೇನು, ಇಟಲಿ ಎಂದು ಸುತ್ತಿ ಒಂದು ವಾರ ಮನೆಗೆ ಬರುತ್ತಾನೆ. ಒಂದು ಕೈಯಲ್ಲಿ ಎಂಟು ತಿಂಗಳ ಮಗಳು ಯೋರೆ, ಇನ್ನೊಂದರಲ್ಲಿ ಹದಿನಾರು ಕಿಲೋ ಗಾಡಿ ಎತ್ತಿಕೊಂಡು ಆ ಮೆಟ್ಟಿಲು ಹತ್ತಲು ನನ್ನಿಂದಾಗದು. ಗಾಡಿ ಬಿಟ್ಟಿರಲೂ ಆಗದು. ನಮ್ಮ ಕೂಸುಗಳು ಹಗಲು ನಿದ್ದೆ ಮಾಡುವುದು ಹೊರಗೆ, ಗಾಡಿಯಲ್ಲಿ. ಹಿಮ ಬಿದ್ದರೂ ಸರಿಯೇ. ನನ್ನಮ್ಮ ನನ್ನನ್ನು ಹಾಗೇ ಮಲಗಿಸಿದಳು, ಅವಳನ್ನು ಅವಳಮ್ಮ. ಯೋರೆ ಮನೆಯೊಳಗೆ ಇಪ್ಪತ್ತು ನಿಮಿಷಕ್ಕೆ ಎದ್ದು ಚೀರುತ್ತಾಳೆ, ಅಂಗಳದಲ್ಲಿ ಎರಡೂವರೆ ಗಂಟೆ ಕದಲುವುದಿಲ್ಲ. ಆದರೆ ಚಳಿ ಎಷ್ಟಾದರೂ ತಡೆಯುವ ಕೂಸು ಒದ್ದೆಯನ್ನು ತಡೆಯುವುದಿಲ್ಲ. ಗಾಡಿ ಒಣಗಿರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ, ಒಂದು ಒಣ ಜಾಗ.

ನಾನು ಗಾಡಿಯ ಮುಂದೆ ನಿಂತು ಅಳುತ್ತಿದ್ದೆ. ನೆಲಮಹಡಿಯ ಬಾಗಿಲು ತೆರೆದುಕೊಂಡು ತೆಕ್ಲೆ ಹೊರಗೆ ಬಂದಳು. ಅರವತ್ತೆಂಟು ವರ್ಷ, ಬೀಟ್‌ರೂಟಿನ ಕೆಂಪಿಗೆ ಬಣ್ಣ ಹಾಕಿದ ತಲೆಕೂದಲು, ಕಾಲಿಗೆ ಉಣ್ಣೆಯ ಕಾಲುಚೀಲದ ಮೇಲೆ ಮನೆಚಪ್ಪಲಿ. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ನಮಸ್ಕಾರಕ್ಕಿಂತ ಹೆಚ್ಚಿನ ಮಾತಿರಲಿಲ್ಲ. ಅವಳು ರೇಡಿಯೊದ ಜೊತೆ ಜಗಳವಾಡುವುದು ಮಾತ್ರ ಮೆಟ್ಟಿಲವರೆಗೂ ಕೇಳಿಸುತ್ತಿತ್ತು.

"ಯಾವ ಹಂದಿ ಮಾಡಿದ್ದು ಇದನ್ನ?"

"ಕಾಗದದಲ್ಲಿದೆಯಲ್ಲ ದೊಡ್ಡಮ್ಮ."

ಅವಳು ಕಾಗದವನ್ನು ತೋಳಿನಷ್ಟು ದೂರ ಹಿಡಿದು ಓದಿದಳು. "ಸಾಮಾನಂತೆ! ಕೂಸು ಸಾಮಾನಾ ಇವನಿಗೆ?" ಎಂದವಳೇ ಮೇಲೆ ಮುಖ ಮಾಡಿ, ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದಳು. "ಅಧ್ಯಕ್ಷರೇ! ಕೆಳಗಿಳೀರಿ! ನಿಮ್ಮ ಸಾಮಾನು ಅಳ್ತಾ ಇದೆ!"

ವಿಗಂತಸ್ ಇಳಿದು ಬಂದರು. ಕಟ್ಟಡದ ಸಂಘಕ್ಕೆ ಆರು ವರ್ಷದಿಂದ ಅವರೇ ಅಧ್ಯಕ್ಷರು. ಬೇರೆ ಯಾರಿಗೂ ಬೇಡವಾದ್ದರಿಂದ ಅವರು, ಅವರಿಗೆ ತುಂಬ ಬೇಕಾದ್ದರಿಂದ ಅವರು. ಕೊರಳಲ್ಲಿ ಬೀಗದಕೈಗಳ ಗೊಂಚಲು, ಕೈಯಲ್ಲಿ ಛತ್ರಿ.

"ತೆಕ್ಲೆ ಅಮ್ಮನವರೇ, ನಿಯಮ ಅಂದ್ರೆ ನಿಯಮ. ಬೆಂಕಿ ಬಿದ್ರೆ ಜನ ಓಡೋ ದಾರಿ ಅದು."

"ಬೆಂಕಿ ಬಿದ್ರೆ ನೀವು ಫೈಲು ಎದೆಗವಚಿಕೊಂಡು ಕಿಟಕಿಯಿಂದ ಹಾರ್ತೀರ. ನಿಮಗ್ಯಾಕೆ ದಾರಿ?"

"ಅಂಗಳ ಅಷ್ಟು ದೊಡ್ಡದಿದೆ. ಅಲ್ಲೆಲ್ಲಾದ್ರೂ ಇಟ್ಕೊಳ್ಲಿ. ನಾನು ಬೇಡ ಅಂದ್ನಾ?"

"ಅಂಗಳದಲ್ಲಿ ಇಟ್ಕೊಬಹುದು," ಎಂದು ತೆಕ್ಲೆ ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು. "ಕೇಳಿಸ್ಕೊಂಡ್ಯಾ ಹುಡುಗಿ? ಅವನ ಬಾಯಿಂದಾನೇ ಬಂತು."

ತೆಕ್ಲೆಗೆ ಸಿಟ್ಟು ಎಷ್ಟು ಏರಿದೆ ಎಂದು ತಿಳಿಯುವುದು ಹೀಗೆ. ಮೊದಲು 'ನೀವು', ಆಮೇಲೆ 'ಅವನು', ಕೊನೆಗೆ 'ನೀನು'. ಆವತ್ತು 'ಅವನು' ತನಕ ಹೋಗಿ ನಿಂತಿತು.

ಮಧ್ಯಾಹ್ನ ಅವಳು ಒಂದು ಉಣ್ಣೆದಾರದ ಉಂಡೆ ಹಿಡಿದು ನನ್ನ ಬಾಗಿಲು ತಟ್ಟಿದಳು. ಗಾಡಿಯ ಮುಸುಕನ್ನು ಪೂರ್ತಿ ಎತ್ತಿಸಿ, ಒಳಗೆ ಯೋರೆಯನ್ನು ಕೂರಿಸಿ, ಉದ್ದಕ್ಕೊಂದು, ಅಗಲಕ್ಕೊಂದು, ಎತ್ತರಕ್ಕೊಂದು ದಾರ ಹಿಡಿದು ಗಂಟು ಹಾಕಿಕೊಂಡಳು. ಯೋರೆ ದಾರವನ್ನು ಬಾಯಿಗೆ ಹಾಕಿಕೊಂಡಳು. "ತಿನ್ನು, ತಿನ್ನು. ಮನೆ ಅಳೆಯೋ ದಾರ ಅದು," ಎಂದಳು ತೆಕ್ಲೆ. ಅವಳು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಟೇಪು ಇಲ್ವಾ ದೊಡ್ಡಮ್ಮ?"

"ಇದೆ. ಟೇಪಿನ ಅಂಕಿ ಕೆಳಗೆ ಇಳಿಯೋಷ್ಟರಲ್ಲಿ ಮರೆತುಹೋಗುತ್ತೆ. ಗಂಟು ಎಲ್ಲಿಗೆ ಹೋಗುತ್ತೆ?"

ಅವಳು ಬಡಗಿ ಎಂದು ನನಗೆ ಗೊತ್ತಾದದ್ದು ಆಗಲೇ. ಹದಿನೇಳನೆಯ ವಯಸ್ಸಿಗೆ ಊರಿನ ಪೀಠೋಪಕರಣದ ಕಾರ್ಖಾನೆ ಸೇರಿ, ಅದು ಮುಚ್ಚುವವರೆಗೆ ಇಪ್ಪತ್ತೇಳು ವರ್ಷ ದುಡಿದವಳು. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಒಂದೊಂದು ಗೂಡಿದೆ. ನಾವು ಅಲ್ಲಿ ಆಲೂಗಡ್ಡೆ, ಉಪ್ಪಿನಕಾಯಿಯ ಜಾಡಿ ಇಟ್ಟಿದ್ದರೆ ಅವಳ ಗೂಡಿನಲ್ಲಿ ಕೆಲಸದ ಮೇಜು, ಗೋಡೆಯುದ್ದಕ್ಕೂ ಉಳಿ, ಕೀಸುಳಿ, ಗರಗಸ. ಅಲ್ಲಿ ಅವಳು ಹಲಗೆ ಕೊಯ್ಯುವಾಗ ಯೋರೆಯನ್ನು ಆಲೂಗಡ್ಡೆಯ ಬುಟ್ಟಿಯಲ್ಲಿ ಕೂರಿಸಿ ನಾನು ಇನ್ನೊಂದು ತುದಿ ಹಿಡಿಯುತ್ತಿದ್ದೆ.

ಗಾಡಿ ಇಡುವ ಪೆಟ್ಟಿಗೆಗೆಂದು ಹಲಗೆಗಳನ್ನು ತನ್ನ ಹಳ್ಳಿಯಿಂದ ತಂದಿದ್ದಳು. ಅವಳ ತಮ್ಮ ಹಳೆಯ ಕಣಜ ಕೆಡವುತ್ತಿದ್ದ. ಬೂದುಬಣ್ಣಕ್ಕೆ ತಿರುಗಿದ ಹಳೇ ಹಲಗೆಗಳನ್ನು ಈಗ ನಗರದ ಹೋಟೆಲಿನವರು ಗೋಡೆಗೆ ಅಲಂಕಾರಕ್ಕೆಂದು ಕೊಂಡೊಯ್ಯುತ್ತಾರೆ. ತೆಕ್ಲೆ ಅವರಿಗಿಂತ ಮುಂಚೆ ಹೋಗಿ, ತಮ್ಮನ ಜೊತೆ ಜಗಳವಾಡಿ, ಒಳ್ಳೆಯ ಹತ್ತೊಂಬತ್ತನ್ನು ಎತ್ತಿಸಿಕೊಂಡು ಬಂದಿದ್ದಳು. ಲಾರ್ಚ್ ಮರ. ಪೈನಿನ ಜಾತಿಯದೇ, ಆದರೆ ಮೈತುಂಬ ಅಂಟು, ನೀರಿಗೆ ಬೇಗ ಸೋಲುವುದಿಲ್ಲ.

"ಎಂಬತ್ತು ವರ್ಷ ಮಳೆ ತಿಂದಿದೆ ಇದು. ಪರೀಕ್ಷೆ ಪಾಸಾದ ಮರ. ಅದನ್ನ ತಗೊಂಡೋಗಿ ಬಿಯರ್ ಕುಡಿಯೋರ ಬೆನ್ನ ಹಿಂದೆ ಹೊಡೀತಾರಂತೆ. ಥೂ!"

ನಾನು ಇಷ್ಟು ವರ್ಷ ಪೆಟ್ಟಿಗೆಯೆಂದರೆ ನಾಲ್ಕು ಗೋಡೆ, ಒಂದು ಮುಚ್ಚಳ ಎಂದುಕೊಂಡಿದ್ದೆ. ಆ ಹದಿನೈದು ದಿನಗಳಲ್ಲಿ ಕಂಡದ್ದನ್ನು ಅವಳ ಬೈಗುಳದ ಸಮೇತ ನನ್ನ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

ಹಲಗೆಯ ತುದಿಗೆ ಮೂಗು ತಾಗಿಸಿ ವರ್ಷದ ಉಂಗುರಗಳನ್ನು ನೋಡುತ್ತಿದ್ದಳು. ಮರದ ತಿರುಳು ಯಾವ ಕಡೆಗಿತ್ತೋ ಆ ಮುಖ ಹೊರಗೆ, ಮಳೆಗೆ. "ಬಲವಾದ ಮುಖ ಜಗಳಕ್ಕೆ ಹೋಗ್ಬೇಕು." ಮೇಲಿನ ಹಲಗೆ ಕೆಳಗಿನದರ ಮೇಲೆ ಎರಡು ಬೆರಳು ಹತ್ತಿ ಕೂರಬೇಕು, ಮೀನಿನ ಹುರುಪೆಯ ಹಾಗೆ. ಒಂದು ಹಲಗೆಗೆ ಒಂದೇ ಸಾಲು ಮೊಳೆ. ನಾನು ಇನ್ನೊಂದು ಸಾಲು ಹೊಡೆಯಲು ಹೋದಾಗ ಸುತ್ತಿಗೆಯನ್ನು ಕಿತ್ತುಕೊಂಡಳು. "ಎರಡೂ ಕಡೆ ಕಟ್ಟಿ ಹಾಕಿದ್ರೆ ನೀನು ಸುಮ್ನಿರ್ತೀಯಾ? ಒದ್ದೆ ಆದಾಗ ಹಿಗ್ಗುತ್ತೆ, ಒಣಗಿದಾಗ ಕುಗ್ಗುತ್ತೆ. ಕಟ್ಟಿದ್ರೆ ಸೀಳ್ಕೊಳ್ಳುತ್ತೆ."

ಪೆಟ್ಟಿಗೆಯ ಕಾಲುಗಳ ತುದಿಯನ್ನು ಬಿಸಿ ಅಗಸೆ ಎಣ್ಣೆಯಲ್ಲಿ ಒಂದು ದಿನ ನಿಲ್ಲಿಸಿ, ಆಮೇಲೆ ಪೈನ್ ಮರದ ಟಾರಿನಲ್ಲಿ ಅದ್ದಿದಳು. ಮರ ನೀರು ಕುಡಿಯುವುದು ಅದರ ಕೊಯ್ದ ತುದಿಯಿಂದ; ಅಲ್ಲಿ ಬಾಯಿ ಮುಚ್ಚಿಸಬೇಕು, ಉಳಿದ ಮೈಗೆ ಬರೀ ಎಣ್ಣೆ ಸವರಿ ಉಸಿರಾಡಲು ಬಿಡಬೇಕು. ಕಾಲುಗಳ ಕೆಳಗೆ ಇಟ್ಟಿಗೆ. ತಳಕ್ಕೆ ಸಂದಿ ಬಿಟ್ಟು ಹೊಡೆದ ಪಟ್ಟಿಗಳು, ಗಾಡಿಯ ಚಕ್ರದ ನೀರು ಕೆಳಗಿಳಿಯಲು. ಮುಂದಿನ ಮುಖ ಕೆಳಕ್ಕೆ ಮಡಚಿಕೊಂಡು ಇಳಿಜಾರಾಗುತ್ತದೆ. ಗಾಡಿಯನ್ನು ಒಂದೇ ಕೈಯಲ್ಲಿ ಒಳಗೆ ತಳ್ಳಬಹುದು. ಇನ್ನೊಂದು ಕೈಯಲ್ಲಿ ಮಗು ಇರುತ್ತದೆಂದು ಲೆಕ್ಕ ಹಾಕಿದವಳು ಮಕ್ಕಳಿಲ್ಲದ ತೆಕ್ಲೆ. ಮುಚ್ಚಳ ಹಿಂದಕ್ಕೆ ಇಳಿಜಾರು, ಕೀಲುಗಳ ಮೇಲೆ ಸೈಕಲ್ ಟ್ಯೂಬಿನ ರಬ್ಬರ್ ಪಟ್ಟಿ. ಚಾಚಿದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗೆರೆ ಕೊರೆದಳು. ಮುಚ್ಚಳದಿಂದ ಇಳಿದ ನೀರು ಅಂಚಿನಡಿ ತೆವಳಿ ಒಳಕ್ಕೆ ಬರದೆ, ಆ ಗೆರೆಯಲ್ಲಿ ತಡೆದು ಕೆಳಗೆ ಬೀಳುತ್ತದಂತೆ. ಹಿಂಬದಿಯಲ್ಲಿ, ಮುಚ್ಚಳಕ್ಕೆ ತಾಗಿ, ಎರಡು ಬೆರಳಗಲದ ಸಂದು ಬಿಟ್ಟು ಜಾಲರಿ ಹೊಡೆದಳು.

"ಇಲ್ಲಿ ಗಾಳಿ ನುಗ್ಗುತ್ತಲ್ಲ ದೊಡ್ಡಮ್ಮ?"

"ನುಗ್ಗಲಿ ಅಂತಾನೇ ಬಿಟ್ಟಿರೋದು. ಮಳೇನ ಪೂರ್ತಿ ತಡೆಯೋಕೆ ಯಾರಿಂದ್ಲೂ ಆಗಲ್ಲ ಮಗಾ. ಒಳಗೆ ಬಂದ ನೀರಿಗೆ ಹೊರಗೆ ಹೋಗೋ ದಾರಿ ಬಿಡ್ಬೇಕು. ಅದು ಗೊತ್ತಿಲ್ದೋರೆಲ್ಲ ಬಣ್ಣ ಬಳೀತಾರೆ."

ಬೆಂಚುಗಳ ಕತೆ ಹೊರಬಿದ್ದದ್ದು ಆ ಮಾತಿನಿಂದ. ನಾನು ಹುಟ್ಟುವ ಮುಂಚಿನದು. ಯಾವುದೋ ದೊಡ್ಡ ಹಬ್ಬದ ಮೆರವಣಿಗೆಗೆಂದು ನದಿ ದಂಡೆಗೆ ನಲವತ್ತು ಬೆಂಚು ಮಾಡಿಕೊಡಲು ಕಾರ್ಖಾನೆಗೆ ಅಪ್ಪಣೆಯಾಯಿತು. ಕಾಲಿಗೆ ಟಾರು ಹಾಕಬೇಕು, ಪಟ್ಟಿಗಳ ನಡುವೆ ಸಂದು ಬಿಡಬೇಕು, ಮೇಲೆ ಬರೀ ಎಣ್ಣೆ ಸಾಕು ಎಂದು ತೆಕ್ಲೆ ಹೇಳಿದಳು. ಮೇಸ್ತ್ರಿಗೆ ಬೇಕಾಗಿದ್ದದ್ದು ಹೊಳಪು. ಸಂದು ಮುಚ್ಚಿಸಿ, ನಾಲ್ಕು ಕೈ ವಾರ್ನಿಷ್ ಹೊಡೆಸಿದ. ಹಬ್ಬದ ದಿನ ಬೆಂಚುಗಳು ಕನ್ನಡಿಯ ಹಾಗಿದ್ದವಂತೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಹೊಳಪಿನ ಒಳಗೇ ಕೊಳೆತು, ಊರಿನ ವಾದ್ಯದವನೊಬ್ಬ ಕೂತಾಗ ಕುಸಿದು, ಅವನ ಸೊಂಟ ಮುರಿಯಿತು. ಕೆಲಸದ ಚೀಟಿ ತೆಗೆದರು. ಮಾಡಿದವರು ಎಂಬ ಕಡೆ ತೆಕ್ಲೆಯ ಸಹಿ. ವಾರ್ನಿಷ್ ಹೊಡೆಸಿದವನ ಹೆಸರು ಎಲ್ಲೂ ಇಲ್ಲ. ಅವಳನ್ನು ಬಾಗಿಲು ಕಪಾಟುಗಳ ಕೆಲಸದಿಂದ ತೆಗೆದು ಸೇಬಿನ ಡಬ್ಬಕ್ಕೆ ಮೊಳೆ ಹೊಡೆಯುವ ವಿಭಾಗಕ್ಕೆ ಹಾಕಿದರು. ಹದಿನಾಲ್ಕು ವರ್ಷ.

"ಹೊಳಪು ಅವರದು, ಕೊಳೆತಿದ್ದು ಮಾತ್ರ ನಂದು," ಎಂದಳು. ಕೀಸುಳಿ ಒಂದು ಗಳಿಗೆಯೂ ನಿಲ್ಲಲಿಲ್ಲ. "ಆಮೇಲೆ ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಪೋಸ್ಟಿನವಳು ಪಾರ್ಸಲ್ ಕೊಟ್ರೂ ಪಕ್ಕದ ಮನೆಯೋರ ಹತ್ರ ಹಾಕಿಸ್ತೀನಿ."

ಅಕ್ಟೋಬರ್ ಇಪ್ಪತ್ತಾರಕ್ಕೆ ಪೆಟ್ಟಿಗೆ ಬಾಗಿಲ ಎಡಗಡೆ, ನಿಂಬೆಬಣ್ಣದ ಎಲೆ ಉದುರಿಸುತ್ತಿದ್ದ ಮರದಡಿಯಲ್ಲಿ ನಿಂತಿತು. ಆ ಸಂಜೆ ಗಾಳಿಮಳೆ. ತೆಕ್ಲೆ ಒಳಗೆ ಒಂದು ದಿನಪತ್ರಿಕೆಯ ಹಾಳೆ ಹಾಸಿ ಮುಚ್ಚಳ ಹಾಕಿದಳು. ಬೆಳಿಗ್ಗೆ ಅದನ್ನು ತೆಗೆದು ನನ್ನ ಕಿವಿಯ ಹತ್ತಿರ ಹಿಡಿದು ಮುದುರಿದಳು. ಸುಟ್ಟ ಹಪ್ಪಳದ ಹಾಗೆ ಗರಗರ ಎಂದಿತು. ಯೋರೆ ನಕ್ಕಳು.

"ಮಾತಾಡಿದ್ರೆ ಒಣಗಿದೆ ಅಂತ. ಸುಮ್ನಿದ್ರೆ ಒದ್ದೆ. ಗೊತ್ತಾಯ್ತಾ? ದಿನಾ ನೋಡು."

ಸರಿಯಾಗಿ ಮೂರು ದಿನ ನಾನು ಸುಖವಾಗಿದ್ದೆ.

ಅಕ್ಟೋಬರ್ ಮೂವತ್ತರಂದು ವಿಗಂತಸ್ ನನ್ನನ್ನು ಮೆಟ್ಟಿಲಲ್ಲಿ ತಡೆದರು. ಒಂದು ಕೈಯಲ್ಲಿ ಯೋರೆ, ಇನ್ನೊಂದರಲ್ಲಿ ಹಾಲು, ಬ್ರೆಡ್ಡಿನ ಚೀಲ. ಕಟ್ಟಡದ ಹೊರಗೋಡೆಗೆ ಹೋದ ವರ್ಷವಷ್ಟೇ ಚಳಿ ತಡೆಯುವ ಹೊಸ ಹೊದಿಕೆ ಹಾಕಿ ಬಣ್ಣ ಬಳಿದಿದ್ದರು. ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಅಂಗಳದಲ್ಲಿರುವುದೆಲ್ಲ ಆ ಬಣ್ಣಕ್ಕೆ ಹೊಂದಬೇಕಂತೆ.

"ನೋಡಮ್ಮ, ನಾನೇನು ಶತ್ರು ಅಲ್ಲ. ನಿನ್ನ ಪೆಟ್ಟಿಗೆ ಇರಲಿ ಅಂತಾನೇ ಓಡಾಡ್ತಿದ್ದೀನಿ. ಇಲ್ಲೊಂದು ಸಹಿ ಹಾಕು. ಕಟ್ಟಡದ ಮುಂಭಾಗಕ್ಕೆ ಹೊಂದಿಸೋಕೆ ಒಪ್ಪಿಗೆ ಇದೆ ಅಂತ. ಇಲ್ದಿದ್ರೆ ತೆಗೆಸ್ಬೇಕಾಗುತ್ತೆ."

"ತೆಕ್ಲೆ ದೊಡ್ಡಮ್ಮನ್ನ ಒಂದು ಮಾತು ಕೇಳಿ..."

"ಪೆಟ್ಟಿಗೆ ಯಾರಿಗೆ? ನಿನ್ನ ಮಗೂಗೆ ತಾನೇ?"

ಯೋರೆ ಜಾರುತ್ತಿದ್ದಳು. ಹಾಲಿನ ಚೀಲ ಬೆರಳು ಕೊಯ್ಯುತ್ತಿತ್ತು. ಬಣ್ಣ ತಾನೇ, ಚೆಂದವೇ ಆದೀತು ಎಂದೂ ಅನಿಸಿತು. ಸಹಿ ಹಾಕಿದೆ. ಅವರು ಛತ್ರಿ ಹಿಡಿದು ಬಂದ ದಿನಕ್ಕಿಂತ ಆವತ್ತು ಒಳ್ಳೆಯವರಂತೆ ಕಂಡರು ಎಂಬುದನ್ನೂ ಬರೆದಿಡಬೇಕು. ನನಗೆ ಅವರ ಮೇಲಿರುವ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು.

ನವೆಂಬರ್ ಒಂದು, ಎರಡು ಸತ್ತವರ ದಿನಗಳು. ಊರಿಗೆ ಊರೇ ಖಾಲಿಯಾಗುತ್ತದೆ. ಎಲ್ಲರೂ ಹುಟ್ಟಿದ ಹಳ್ಳಿಗೆ ಹೋಗಿ, ಸಮಾಧಿಯ ಮೇಲಿನ ಎಲೆ ಗುಡಿಸಿ, ಸೇವಂತಿಗೆ ಇಟ್ಟು, ದೀಪ ಹಚ್ಚಿ ಬರುತ್ತಾರೆ. ತೆಕ್ಲೆ ತನ್ನ ಅಪ್ಪ ಅಮ್ಮನ ಬಳಿಗೆ ಹೋದಳು. ನಾನು ಯೋರೆಯನ್ನು ಕರೆದುಕೊಂಡು ನನ್ನ ಅಜ್ಜಿಯ ಬಳಿಗೆ ಹೋದೆ. ವಿಗಂತಸ್ ಮಾತ್ರ ಹೋಗಲಿಲ್ಲ. ಆಮೇಲೆ ಅದನ್ನು ಒಂದು ತ್ಯಾಗದಂತೆ ಹೇಳಿಕೊಂಡರು.

ಹಿಂದಿರುಗಿ ಬಸ್ಸಿನಿಂದ ಇಳಿದವಳು ಅಂಗಳದಲ್ಲಿ ತೆಕ್ಲೆಯ ಬೆನ್ನು ಕಂಡೆ. ಅವಳ ಕೈಯಲ್ಲಿ ಹಳ್ಳಿಯಿಂದ ತಂದ ಸೇಬಿನ ಚೀಲ ಹಾಗೇ ಇತ್ತು. ಪೆಟ್ಟಿಗೆ ಹಾಲುಕಾಫಿಯ ಬಣ್ಣಕ್ಕೆ ತಿರುಗಿತ್ತು. ಸುಮ್ಮನೆ ಬಳಿದಿರಲಿಲ್ಲ, ಹಲಗೆ ಹಲಗೆಯ ನಡುವಿನ ಸಂದೂ ತುಂಬುವಷ್ಟು ದಪ್ಪಗೆ, ನವೆಂಬರಿನ ತೇವದಲ್ಲಿ ಬಳಿದಿದ್ದರು. ಅಂಚಿನಡಿಯ ಗೆರೆ ತುಂಬಿಹೋಗಿತ್ತು. ಹಿಂಬದಿಯ ಗಾಳಿಸಂದಿಗೆ ಉಬ್ಬಿ ಗಟ್ಟಿಯಾಗುವ ಹಳದಿ ನೊರೆ ತುರುಕಿದ್ದರು. ಬೆಕ್ಕು ನುಗ್ಗದಿರಲಿ ಎಂದು ಇಟ್ಟಿಗೆಗಳ ನಡುವೆ ಸಿಮೆಂಟು ಮೆತ್ತಿದ್ದರು. ನಮ್ಮಲ್ಲಿ ಇದೊಂದು ಹಳೆಯ ರೋಗ. ಬೇಲಿ, ಮರದ ಬುಡ, ಮಕ್ಕಳ ಉಯ್ಯಾಲೆ, ಸತ್ತವರ ಶಿಲುಬೆ, ಯಾವುದಾದರೂ ಸರಿ, ಬಣ್ಣ ಬಳಿದರೆ ವ್ಯವಸ್ಥೆ ಸರಿಯಾಯಿತು ಎಂದು ಲೆಕ್ಕ.

ವಿಗಂತಸ್ ಕೈ ಒರೆಸಿಕೊಳ್ಳುತ್ತ ಬಂದರು. "ಹೇಗಿದೆ? ಎರಡು ದಿನ ರಜೆ ಹಾಳುಮಾಡ್ಕೊಂಡು ಮಾಡ್ದೆ. ನಿಮ್ಮ ಕೆಲಸ ನೂರು ವರ್ಷ ಬಾಳುತ್ತೆ ಈಗ."

"ಸಂದು ಮುಚ್ಚಿದ್ಯಾರು?"

"ನಾನೇ. ಅದೊಂದು ನಿಮ್ಗೆ ಮರೆತುಹೋಗಿತ್ತು."

"ಮರೆತುಹೋಗಿತ್ತಾ? ನಂಗೆ?" ತೆಕ್ಲೆಯ ದನಿ ಇಳಿಯಿತು. ಅದು ಏರುವುದಕ್ಕಿಂತ ಕೆಟ್ಟದ್ದು. "ನೀನು, ಸ್ವಂತ ಮನೆ ಬಾಗಿಲು ಕಿರುಗುಟ್ಟಿದ್ರೆ ಎಣ್ಣೆ ಬಿಡೋಕೆ ಗೊತ್ತಿಲ್ದೋನು, ನಂಗೆ ಮರೆತುಹೋಗಿತ್ತು ಅಂತೀಯಾ? ಯಾರನ್ನ ಕೇಳಿ ಮುಟ್ಟಿದೆ?"

"ಒಪ್ಪಿಗೆ ಇದೆಯಲ್ಲ," ಎಂದು ಅವರು ಫೈಲು ತೆರೆದು ಕಾಗದ ತೋರಿಸಿದರು.

ತೆಕ್ಲೆ ಕಾಗದವನ್ನು ತೋಳುದ್ದ ಹಿಡಿದು ಓದಿದಳು. ಆಮೇಲೆ ನನ್ನತ್ತ ತಿರುಗಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ನಿಮ್ಮ ಸಹಿ ಚೆನ್ನಾಗಿದೆ," ಎಂದಳು ನನಗೆ. ನನಗೆ 'ನೀವು' ಎಂದಳು. ಸೇಬಿನ ಚೀಲ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲಿನ ಮೂರು ವಾರ ನನ್ನ ದಿನಚರಿಯಲ್ಲಿ ಬರೀ ಒದ್ದೆ. ನವೆಂಬರ್ ಆರು: ಪತ್ರಿಕೆ ಸುಮ್ಮನಿದೆ. ಎಂಟು: ಪತ್ರಿಕೆ ಮೆತ್ತಗೆ, ಬೇಯಿಸಿದ ಎಲೆಕೋಸಿನ ಹಾಗೆ. ಹನ್ನೊಂದು: ಮುಚ್ಚಳದ ಒಳಗೆ ಹನಿ. ಗಾಡಿಯ ಚಕ್ರದಿಂದ ಇಳಿದ ಕೆಸರುನೀರು ಹೊರಗೆ ಹೋಗಲು ಎಲ್ಲೂ ದಾರಿಯಿಲ್ಲದೆ ಒಳಗೇ ಹಬೆಯಾಡಿ, ಮೇಲೆ ಹತ್ತಿ, ಮತ್ತೆ ಹಾಸಿಗೆಯ ಮೇಲೇ ಬೀಳುತ್ತಿತ್ತು. ಹದಿನೇಳಕ್ಕೆ ಹಾಸಿಗೆಯಡಿ ಕಪ್ಪು ಬೂಷ್ಟು. ಹತ್ತೊಂಬತ್ತಕ್ಕೆ ಯೋರೆಗೆ ಕೆಮ್ಮು. ಎದೆಯಲ್ಲಿ ಗರಗರ ಸದ್ದು. ಪತ್ರಿಕೆಯಲ್ಲಿ ಕೇಳಬೇಕಾದ ಸದ್ದು ನನ್ನ ಮಗಳ ಎದೆಯಲ್ಲಿ ಕೇಳಿತು. ಡಾಕ್ಟರು ನನ್ನನ್ನೇ ಗದರಿದರು. "ಹೊರಗೆ ಮಲಗಿಸಿ, ಯಾರು ಬೇಡ ಅಂದ್ರು? ಒದ್ದೇಲಿ ಮಲಗಿಸ್ತಾರಾ?" ಒಂದು ವಾರ ಅವಳು ಒಳಗೆ ಇಪ್ಪತ್ತಿಪ್ಪತ್ತು ನಿಮಿಷ ಮಲಗಿ ಅತ್ತಳು, ನಾನು ಜೊತೆಗೆ ಅತ್ತೆ.

ವಿಗಂತಸ್ ಅವರ ಬಾಗಿಲು ತಟ್ಟಿ ಹೇಳಿದೆ. "ಮರ ಸರಿಯಿಲ್ಲ ಅನ್ಸುತ್ತೆ. ಹಳೇ ಹಲಗೆ ಅಲ್ವಾ? ಮಾಡಿದೋರನ್ನ ಕೇಳು," ಎಂದರು.

ಮಾಡಿದವರನ್ನು ಕೇಳು! ಮೆಟ್ಟಿಲು ಹತ್ತಿ ಮನೆಗೆ ಬರುವಾಗ ನದಿ ದಂಡೆಯ ಆ ನಲವತ್ತು ಬೆಂಚುಗಳು ನನ್ನ ಕಣ್ಣ ಮುಂದೆ ಬಂದವು. ಅದೇ ಹೊಳಪು, ಅದೇ ಮಾತು. ಈ ಸಲ ಚೀಟಿಗೆ ಸಹಿ ಹಾಕಿಕೊಟ್ಟವಳು ನಾನು.

ಕೆಮ್ಮು ಇಳಿದ ಮೇಲೆ, ನವೆಂಬರ್ ಇಪ್ಪತ್ತೇಳರ ಬೆಳಿಗ್ಗೆ ಮೋಡವಿತ್ತು, ಮಳೆಯಿರಲಿಲ್ಲ. ದೋಮಸ್ ಮನೆಯಲ್ಲಿದ್ದ. ಯೋರೆಯನ್ನು ಅವನಿಗೆ ಕೊಟ್ಟು, ಅವನ ಲಾರಿಯ ಗಾಜಿನ ಮಂಜು ಕೆರೆಯುವ ಕಬ್ಬಿಣದ ಪಟ್ಟಿ ತೆಗೆದುಕೊಂಡು ಕೆಳಗಿಳಿದೆ. ಮೊದಲು ಹಳದಿ ನೊರೆಯನ್ನು ಅಡುಗೆ ಚಾಕುವಿನಿಂದ ಕಿತ್ತೆ. ಆಮೇಲೆ ಬಣ್ಣ ಕೆರೆಯತೊಡಗಿದೆ. ಎಣ್ಣೆ ಕುಡಿದ ಹಲಗೆಗೆ ಬಣ್ಣ ಸರಿಯಾಗಿ ಕಚ್ಚಿಯೇ ಇರಲಿಲ್ಲ. ಕೆಲವೆಡೆ ಬಿಸಿಲಿಗೆ ಸುಟ್ಟ ಚರ್ಮದಂತೆ ಸುಲಿದು ಬಂತು, ಕೆಲವೆಡೆ ಹಟ ಹಿಡಿಯಿತು. ನನಗೂ ಹಟವಿತ್ತು. ಕಿಟಕಿಗಳಲ್ಲಿ ಮುಖಗಳು ಕಂಡವು.

ವಿಗಂತಸ್ ಬೀಗದಕೈ ಝಣಗುಟ್ಟಿಸುತ್ತ ಓಡಿ ಬಂದರು. "ಏನ್ ಮಾಡ್ತಿದ್ದೀಯಮ್ಮ? ಸಹಿ ಹಾಕಿದ್ದೀಯ ನೀನು!"

"ಹಾಕಿದ್ದೆ. ತಪ್ಪಾಯ್ತು. ಈಗ ತೆಗೀತಿದ್ದೀನಿ."

"ಸಹಿ ತೆಗೆಯೋಕಾಗಲ್ಲ!"

"ಬಣ್ಣ ತೆಗೆಯೋಕಾಗುತ್ತೆ. ದೂರ ನಿಂತ್ಕೊಳ್ಳಿ, ಕಣ್ಣಿಗೆ ಬೀಳುತ್ತೆ."

"ಹತ್ತು ದಿನ ಟೈಮ್ ಕೊಡ್ತೀನಿ. ಹನ್ನೊಂದು ಮನೆಯೋರ ಸಹಿ ಬೇಕು, ಪೆಟ್ಟಿಗೆ ಈ ಅವತಾರದಲ್ಲೇ ಇರಬಹುದು ಅಂತ. ಇಲ್ಲಾಂದ್ರೆ ಕಿತ್ತು ಹಾಕಿಸ್ತೀನಿ."

ಅವರು ಹೋದ ಮೇಲೂ ಕೆರೆದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ನೆಲಮಹಡಿಯ ಕಿಟಕಿಯ ಪರದೆ ಎರಡು ಸಲ ಅಲುಗಿದ್ದು ಗೊತ್ತಿತ್ತು. ಆ ಕಡೆ ನೋಡಲಿಲ್ಲ. ಮೂರನೆಯ ಸಲ ಕಿಟಕಿಯೇ ತೆರೆದುಕೊಂಡಿತು.

"ಅಡ್ಡಕ್ಕೆ ಕೆರೀತಾರೇನೇ ಕತ್ತೆ? ಮರದ ಎಳೆ ಯಾವ ಕಡೆ ಹೋಗಿದೆ ಕಣ್ಣಿಗೆ ಕಾಣಲ್ವಾ?"

'ಕತ್ತೆ' ಎಂದಳು. 'ನೀವು' ಹೋಗಿತ್ತು. ನಾನು ತಿರುಗದೆ, ಕೆರೆಯುತ್ತಲೇ, "ಎರಡು ಕಣ್ಣು ಸಾಲಲ್ಲ ದೊಡ್ಡಮ್ಮ, ಮೂರು ವಾರದಿಂದ ನಿದ್ದೆ ಇಲ್ಲ," ಎಂದೆ.

"ಎರಡೂ ಕೈಯಲ್ಲಿ ಹಿಡಿ. ಎಳಿ, ತಳ್ಳಬೇಡ. ಅಯ್ಯೋ ದೇವ್ರೇ, ಬಿಡು, ಬಿಡು, ಹಲಗೆ ಹಾಳುಮಾಡ್ತೀಯ." ಮನೆಚಪ್ಪಲಿಯಲ್ಲೇ ಹೊರಗೆ ಬಂದಳು, ಕೈಯಲ್ಲಿ ತನ್ನ ಅಗಲದ ಉಳಿ. ಮೊದಲು ಬಗ್ಗಿ ಸಿಮೆಂಟಿಗೆ ನಾಲ್ಕೇಟು ಹಾಕಿ ಒಡೆದಳು. ಪ್ರತಿ ಏಟಿಗೂ ಒಬ್ಬೊಬ್ಬರ ಹೆಸರು ಹೇಳಿದಳು. ವಿಗಂತಸ್, ಮತ್ತೆ ವಿಗಂತಸ್, ಆ ಹಳೆಯ ಮೇಸ್ತ್ರಿ. ನಾಲ್ಕನೆಯದಕ್ಕೆ ನನ್ನ ಕಡೆ ನೋಡಿದಳು.

"ಹೇಳಿ ದೊಡ್ಡಮ್ಮ. ನನ್ನ ಹೆಸರೇ ಹೇಳಿ."

"ಮಿಲ್ದಾ!" ಎಂದು ಹೊಡೆದಳು. ಸಿಮೆಂಟು ಎರಡು ಹೋಳಾಯಿತು. ನಮ್ಮಿಬ್ಬರ ನಡುವೆ ಆ ವಿಷಯದಲ್ಲಿ ಮತ್ತೆ ಮಾತಾಗಲಿಲ್ಲ.

ಐದು ದಿನ ಕೆರೆದೆವು. ತುಂಬಿಹೋಗಿದ್ದ ನೀರಗೆರೆಯನ್ನು ಅವಳು ಉಗುರಿನಷ್ಟು ಉಗುರಿನಷ್ಟೇ ಬಿಡಿಸಿದಳು. ಮತ್ತೆ ಎಣ್ಣೆ ಸವರಿದಳು. ನಾನು ಮುಚ್ಚಳವನ್ನು ಹಗಲೆಲ್ಲ ತೆರೆದಿಟ್ಟು ಒಣಗಿಸಿದೆ. ಡಿಸೆಂಬರ್ ಮೂರರ ಸಂಜೆ ಹಿಮಮಳೆ ಶುರುವಾಯಿತು. ಒಂದು ಹಾಳೆ ಒಳಗಿಟ್ಟೆ. ಬೆಳಿಗ್ಗೆ ಅದು ಮಾತಾಡಿತು.

ಆವತ್ತೇ ಹೊರಟೆ. ಬೂಷ್ಟು ಹಿಡಿದ ನವೆಂಬರಿನ ಹಾಳೆಯೊಂದನ್ನು ಸಾಕ್ಷಿಗೆಂದು ಪ್ಲಾಸ್ಟಿಕ್ ಚೀಲದಲ್ಲಿ ಎತ್ತಿಟ್ಟಿದ್ದೆ. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಆ ಬೆಳಗಿನ ಹಾಳೆ, ಬೆನ್ನಿಗೆ ಕಟ್ಟಿದ ಯೋರೆ. ಬಾಗಿಲು ಬಾಗಿಲಿಗೆ ಹೋಗಿ ಹೇಳಿದ್ದು ಒಂದೇ. "ಇದು ಅಧ್ಯಕ್ಷರು ಬಣ್ಣ ಬಳಿದಾಗಿನದು. ಇದು ತೆಕ್ಲೆ ಮಾಡಿದಂತೆ ಬಿಟ್ಟಾಗಿನದು. ಕಿವಿ ಹತ್ರ ಹಿಡಿದು ಮುದುರಿ ನೋಡಿ." ಕೆಲವರು ನಕ್ಕರು. ಮೂರನೆಯ ಮಹಡಿಯ ಮುದುಕರು ಕಿವಿಯ ಯಂತ್ರ ಹಾಕಿಕೊಂಡು ಬಂದು ಕೇಳಿ ಸಹಿ ಹಾಕಿದರು. ಐದನೆಯ ಮಹಡಿಯ ನರ್ಸು ಬೂಷ್ಟು ನೋಡಿದ ಕೂಡಲೇ ಪೆನ್ನು ಕೇಳಿದಳು. ಐವರು ಬಾಗಿಲು ತೆರೆಯಲಿಲ್ಲ, ಮೂವರು ಅಧ್ಯಕ್ಷರ ಜೊತೆ ಜಗಳ ಬೇಡಮ್ಮ ಎಂದರು. ಸಂಜೆಯ ಹೊತ್ತಿಗೆ, ನನ್ನದೂ ಸೇರಿ, ಹತ್ತು. ಇನ್ನೆರಡು ಸಲ ಸುತ್ತಿದೆ. ಹತ್ತೇ.

ಹತ್ತನೆಯ ದಿನದ ಬೆಳಿಗ್ಗೆ ತೆಕ್ಲೆಯ ಅಡುಗೆಮನೆಗೆ ಹೋದೆ. ಅವಳು ಕಪ್ಪು ಬ್ರೆಡ್ಡಿನ ಮೇಲೆ ಈರುಳ್ಳಿ ಹೆಚ್ಚಿಕೊಂಡು ತಿನ್ನುತ್ತ ರೇಡಿಯೊಗೆ ಬೈಯುತ್ತಿದ್ದಳು. ಕಾಗದವನ್ನು ಮೇಜಿನ ಮೇಲಿಟ್ಟೆ.

"ಬೇಡ," ಎಂದಳು, ನೋಡದೆಯೇ.

"ಒಂದೇ ಒಂದು ಕಮ್ಮಿ ದೊಡ್ಡಮ್ಮ."

"ನಾನು ಹಾಕಲ್ಲ ಅಂತ ನಿಂಗೆ ಗೊತ್ತು. ಇವತ್ತು ಸಹಿ ಹಾಕಿಸ್ಕೋತಾರೆ, ನಾಳೆ ಎಲ್ಲೋ ಒಂದು ಮೊಳೆ ಸಡಿಲ ಆದ್ರೆ ಅದೇ ಕಾಗದ ಮು‌ಖಕ್ಕೆ ಹಿಡೀತಾರೆ. ಸಾಕು ನಂಗೆ."

"ಸಹಿ ಹಾಕದಿದ್ರೆ ಹಿಡಿಯಲ್ವಾ? 'ಮಾಡಿದೋರನ್ನ ಕೇಳು' ಅಂತ ವಿಗಂತಸ್ ಆಗ್ಲೇ ಹೇಳಾಯ್ತು. ಕೊಳೆತಾಗೆಲ್ಲ ನಿಮ್ಮ ಹೆಸರು ಹೇಳ್ತಾರೆ. ಒಣಗಿರೋವಾಗ ಒಂದ್ಸಲ ಯಾಕೆ ಹೇಳಬಾರ್ದು?" ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ನಂಗೆ ನಿಮ್ಮ ಮೇಲೂ ಸಿಟ್ಟಿದೆ ದೊಡ್ಡಮ್ಮ. ಮೂರು ವಾರ ಪರದೆ ಹಿಂದೆ ನಿಂತು ನೋಡ್ತಿದ್ರಿ. ನನ್ನ ಮಗು ಕೆಮ್ಮಿದ್ದು ನಿಮಗೆ ಕೇಳಿಸ್ತಿತ್ತು."

ಅವಳು ಬ್ರೆಡ್ಡು ಕೆಳಗಿಟ್ಟಳು. ಈರುಳ್ಳಿಯಿಂದಲೋ ಏನೋ, ಕಣ್ಣು ಕೆಂಪಗಾಗಿದ್ದವು. ರೇಡಿಯೊ ಆರಿಸಿದಳು. ತುಂಬ ಹೊತ್ತು ಕಾಗದವನ್ನು ಓದಿದಳು, ಹತ್ತೂ ಹೆಸರುಗಳನ್ನು, ಮನೆಯ ಸಂಖ್ಯೆ ಸಮೇತ.

"ಇಲ್ಲಿ 'ಮರದ ಪೆಟ್ಟಿಗೆ' ಅಂತ ಮಾತ್ರ ಇದೆ. ಯಾರು ಮಾಡಿದ್ದು ಅಂತ ಇಲ್ಲ."

"ಬರೀರಿ ಹಾಗಾದ್ರೆ."

ಅವಳು ಕೂದಲ ಗಂಟಿನಿಂದ ಬಡಗಿಯ ದಪ್ಪ ಪೆನ್ಸಿಲ್ ಎಳೆದುಕೊಂಡು, ಹಲಗೆಗೆ ಗುರುತು ಹಾಕುವಂತೆ ಬರೆದಳು. 'ಮಾಡಿದವಳು ಮತ್ತು ಒಪ್ಪಿದವಳು', ಅದರ ಕೆಳಗೆ ಪೂರ್ತಿ ಹೆಸರು. ಎಷ್ಟು ಒತ್ತಿ ಬರೆದಳೆಂದರೆ ಕಾಗದ ಎರಡು ಕಡೆ ಹರಿದು, ಮೇಜಿಗೆ ಹಾಸಿದ್ದ ಮೇಣಬಟ್ಟೆಯ ಮೇಲೂ ಅವಳ ಹೆಸರು ಮೂಡಿತು. ಆಮೇಲೆ ಕಾಗದ ಎತ್ತಿಕೊಂಡು, ನನಗೆ ಕೊಡದೆ, ತಾನೇ ಮೆಟ್ಟಿಲು ಹತ್ತಿದಳು. ಎರಡನೆಯ ಮಹಡಿಯಲ್ಲಿ ಬಾಗಿಲು ಬಡಿದ ಸದ್ದು ಕೇಳಿತು.

"ತಗೊಳ್ಳೋ ಅಧ್ಯಕ್ಷ. ಹನ್ನೊಂದು. ಎಣಿಸ್ಕೋ. ಇನ್ನೊಂದ್ಸಲ ಡಬ್ಬ ಹಿಡ್ಕೊಂಡು ಕೆಳಗೆ ಬಂದ್ರೆ ನಿನ್ನ ಮೂತಿಗೇ ಬಣ್ಣ ಬಳೀತೀನಿ. ಮುಂಭಾಗಕ್ಕೆ ಹೊಂದುತ್ತೆ."

ವಿಗಂತಸ್ ಕಾಗದವನ್ನು ಫೈಲಿಗೆ ಸೇರಿಸಿದರು. ಸೇರಿಸದೆ ಅವರಿಗೆ ಬೇರೆ ದಾರಿಯಿರಲಿಲ್ಲ. ಅಂದಿನಿಂದ ನಮ್ಮಿಬ್ಬರಿಗೂ ನಮಸ್ಕಾರ ಹೇಳುವುದಿಲ್ಲ. ನಾವೂ ಹೇಳುವುದಿಲ್ಲ. ಹಲಗೆಯ ಸಂದುಗಳಲ್ಲಿ ಅಲ್ಲಲ್ಲಿ ಹಾಲುಕಾಫಿಯ ಬಣ್ಣ ಇನ್ನೂ ಉಳಿದಿದೆ. ತೆಕ್ಲೆ ಹೋಗುವಾಗ ಬರುವಾಗ ಅದನ್ನು ಉಗುರಿನಿಂದ ಕೆರೆಯುತ್ತ, ಏನೋ ಗೊಣಗುತ್ತಾಳೆ.

ಇವತ್ತು ಸೊನ್ನೆಗಿಂತ ಆರು ಡಿಗ್ರಿ ಕೆಳಗೆ. ಗಾಡಿ ಹೊರಗೆಳೆದು, ಹಾಸಿಗೆ ಮುಟ್ಟಿ ನೋಡಿ, ಯೋರೆಯನ್ನು ಕುರಿಯ ಉಣ್ಣೆಯಲ್ಲಿ ಸುತ್ತಿ ಮಲಗಿಸಿ, ತೆಕ್ಲೆಯ ಕಿಟಕಿಯ ಕೆಳಗೆ ನಿಲ್ಲಿಸಿದ್ದೇನೆ. ಎರಡು ಗಂಟೆ ಆಯಿತು. ನಾನು ಅವಳ ಮೇಜಿನ ಮೇಲೆ, ಆ ಹೆಸರು ಒತ್ತಿದ ಮೇಣಬಟ್ಟೆಯ ಮೇಲೆ ಪುಸ್ತಕವಿಟ್ಟು ಬರೆಯುತ್ತಿದ್ದೇನೆ. ತೆಕ್ಲೆ ಕಿಟಕಿಯ ಹತ್ತಿರ ನಿಂತು, ಗಾಡಿಯ ಪಕ್ಕ ಹಾದುಹೋಗುವ ಪ್ರತಿಯೊಬ್ಬರಿಗೂ ಸದ್ದು ಮಾಡಬೇಡಿ ಎಂದು ಕಿರುಚುತ್ತಿದ್ದಾಳೆ.